ಮುಂಬೈಗೆ ಇಳಿದ ಮೇಲೆ ಬಸ್ಸು ಹಿಡಿಯುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿಯಿಂದ ಹೋಗುವವರಿಗೊಂದು ಮಾರ್ಗದರ್ಶಿ

ನಮ್ಮ ಭಾಗದಲ್ಲಿ ಮುಂಬೈ ಕಂಡವರಿಲ್ಲದ ಊರು ಸಿಗುವುದು ಕಷ್ಟ. ತಾಂಡಾಗಳಿಂದ ಗುಳೆ ಹೋಗುವವರು, ಪರೇಲಿನ ಟಾಟಾ ಆಸ್ಪತ್ರೆಗೆ ಕಾಗದಪತ್ರದ ಚೀಲ ಹಿಡಿದು ಹೋಗುವವರು, ಸಂದರ್ಶನಕ್ಕೋ ಮದುವೆಗೋ ಹೋಗುವವರು, ಹೀಗೆ ಸಂಜೆ ಮತ್ತು ರಾತ್ರಿಯ ರೈಲುಗಳಲ್ಲಿ ನಮ್ಮವರು ತುಂಬಿಕೊಂಡೇ ಇರುತ್ತಾರೆ. ಯಾವ ರೈಲು, ಎಷ್ಟು ಗಂಟೆಗೆ, ಯಾವ ಬೋಗಿ ಎಂಬುದೆಲ್ಲ ಎಲ್ಲರಿಗೂ ಗೊತ್ತಿರುತ್ತದೆ. ಪ್ಲಾಟ್‌ಫಾರ್ಮಿನ ಮೇಲೆ ಇಳಿದ ನಂತರ ಏನು ಎಂಬುದು ಮಾತ್ರ ಅನೇಕರಿಗೆ ಗೊತ್ತಿರುವುದಿಲ್ಲ. ಹೊರಗೆ ಕಾಲಿಟ್ಟ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ, ಹತ್ತು ಹನ್ನೆರಡು ರೂಪಾಯಿಯ ದಾರಿಗೆ ನೂರಾರು ರೂಪಾಯಿ ಕೈಬಿಡುತ್ತದೆ. ಆ ನಗರದಲ್ಲಿ ಬಸ್ಸು ಹಿಡಿಯುವುದು ಕಷ್ಟದ ವಿದ್ಯೆಯೇನಲ್ಲ. ಸ್ಟೇಷನ್ನಿನ ಯಾವ ಬದಿಗೆ ಇಳಿಯಬೇಕು, ಬಸ್ಸು ಯಾರದ್ದು, ಇಳಿಯುವ ಸ್ಟಾಪಿನ ಬರಹದ ಹೆಸರೇನು ಎಂಬ ಮೂರು ಸಂಗತಿಗಳು ಮೊದಲೇ ತಿಳಿದಿದ್ದರೆ ಉಳಿದದ್ದು ದಾರಿಯಲ್ಲೇ ಸರಿಹೋಗುತ್ತದೆ.

ಊರು ಬಿಡುವ ಮುನ್ನ

ಮೊದಲು ಟಿಕೆಟ್ಟನ್ನು ನೋಡಿಕೊಳ್ಳಿ. ಕಲಬುರಗಿ, ಯಾದಗಿರಿ, ವಾಡಿ ಮಾರ್ಗದ ಉದ್ಯಾನ್ ಎಕ್ಸ್‌ಪ್ರೆಸ್, ವಾಡಿ ಮತ್ತು ಕಲಬುರಗಿಯ ಮೇಲೆ ಹಾದುಹೋಗುವ ಹುಸೇನ್‌ಸಾಗರ್, ಕೋಣಾರ್ಕ್ ಎಕ್ಸ್‌ಪ್ರೆಸ್‌ಗಳು, ಹಾಗೂ ಉದಗೀರ್, ಲಾತೂರ್, ಪುಣೆ ದಾರಿಯಾಗಿ ಹೋಗುವ ಬೀದರ್‌ನ ರೈಲು, ಇವೆಲ್ಲ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಅಂದರೆ ಸಿಎಸ್‌ಎಂಟಿಗೆ ಹೋಗುವವು. ಕೊಯಮತ್ತೂರಿನಿಂದ ಬರುವ ರೈಲಿನಂಥ ಕೆಲವು ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲೇ ಕೊನೆಗೊಳ್ಳುತ್ತವೆ; ನಮ್ಮವರು ಇದನ್ನು ‘ಕುರ್ಲಾ ಟರ್ಮಿನಲ್’ ಎನ್ನುತ್ತಾರೆ. ಇವೆರಡರ ನಡುವೆ ಸುಮಾರು ಹದಿನೈದು ಕಿಲೋಮೀಟರ್ ಅಂತರವಿರುವುದರಿಂದ, ನೀವು ತಲುಪಬೇಕಾದ ಜಾಗಕ್ಕೆ ಯಾವುದು ಸಮೀಪ ಎಂಬುದನ್ನು ಟಿಕೆಟ್ ತೆಗೆಸುವಾಗಲೇ ಯೋಚಿಸಬೇಕು. ಸಿಎಸ್‌ಎಂಟಿಗೆ ಹೋಗುವ ಹಲವು ರೈಲುಗಳು ಕಲ್ಯಾಣ ಮತ್ತು ದಾದರ್‌ನಲ್ಲೂ ನಿಲ್ಲುತ್ತವೆ. ಪರೇಲ್, ಸಾಯನ್, ಮಾಟುಂಗಾ ಕಡೆಯವರು ದಾದರ್‌ನಲ್ಲೇ ಇಳಿಯುವುದು ಲೇಸು.

ಮುಂಬೈ ಉಪನಗರದ ಬಹುತೇಕ ಸ್ಟೇಷನ್‌ಗಳಿಗೆ ಪೂರ್ವ ಮತ್ತು ಪಶ್ಚಿಮ ಎಂಬ ಎರಡು ಬದಿಗಳಿವೆ. ಹಳಿಯ ಈಚೆ ಒಂದು ಊರು, ಆಚೆ ಇನ್ನೊಂದು ಊರು ಎನ್ನುವಷ್ಟು ಅವು ಬೇರೆಯಾಗಿದ್ದು, ಪೂರ್ವದ ಬಸ್ಸುಗಳು ಪಶ್ಚಿಮದ ಸ್ಟಾಪಿಗೆ ಸಾಮಾನ್ಯವಾಗಿ ಬರುವುದಿಲ್ಲ. ‘ಅಂಧೇರಿಗೆ ಬಾ’ ಎಂದು ಫೋನಿನಲ್ಲಿ ಹೇಳಿದ ಸಂಬಂಧಿಕರನ್ನು ‘ಈಸ್ಟೋ ವೆಸ್ಟೋ’ ಎಂದು ಕೇಳದೆ ಫೋನು ಇಡಬೇಡಿ. ದಾದರ್‌ನಲ್ಲಿ ಇಳಿಯುವವರು ತಿಳಿದಿರಬೇಕಾದದ್ದೆಂದರೆ, 2023ರ ಡಿಸೆಂಬರ್‌ನಿಂದ ಅಲ್ಲಿನ ಪ್ಲಾಟ್‌ಫಾರ್ಮುಗಳಿಗೆ ಒಂದೇ ಸಾಲಿನ ಸಂಖ್ಯೆ ಬಂದಿದೆ. 1ರಿಂದ 7 ಪಶ್ಚಿಮ ರೈಲ್ವೆಯವು, 8ರಿಂದ 14 ಮಧ್ಯ ರೈಲ್ವೆಯವು. ನಮ್ಮ ರೈಲುಗಳು ಮಧ್ಯ ರೈಲ್ವೆಯ ಕಡೆ ಬರುವುದರಿಂದ ಪೂರ್ವದ ದಾರಿ ಹತ್ತಿರವಾಗುತ್ತದೆ. ಸಾಮಾನು ಹೊತ್ತು ಜನರ ಹಿಂದೆ ಸುಮ್ಮನೆ ನಡೆದರೆ ಸೇತುವೆ ದಾಟಿಸಿ ಪಶ್ಚಿಮದ ಹೂವಿನ ಮಾರುಕಟ್ಟೆಗೆ ತಲುಪಿಸಿಬಿಡುತ್ತಾರೆ.

ಬಸ್ಸು ಯಾರದ್ದು?

ನಮ್ಮ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ಬಸ್ಸು ಎಂದರೆ ಒಂದೇ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಹಳ್ಳಿಗೂ ಅದೇ, ನಗರ ಸಾರಿಗೆಗೂ ಅದೇ, ಬೆಂಗಳೂರಿಗೂ ಅದೇ. ಮುಂಬೈಯಲ್ಲಿ ಹಾಗಿಲ್ಲ. ಊರೊಳಗಿನ ಬಸ್ಸು ನಗರಪಾಲಿಕೆಯದ್ದು, ಊರಿಂದ ಊರಿಗೆ ಹೋಗುವ ಬಸ್ಸು ರಾಜ್ಯದ್ದು, ಪಕ್ಕದ ಒಂದೊಂದು ನಗರಕ್ಕೆ ಅದರದರ ಪಾಲಿಕೆಯದ್ದೇ ಬಸ್ಸು.

ಇವುಗಳಲ್ಲಿ ದೊಡ್ಡದು ಬೆಸ್ಟ್. ಇದು ಬೃಹನ್ಮುಂಬೈ ಮಹಾನಗರಪಾಲಿಕೆಗೆ ಸೇರಿದ ಸಂಸ್ಥೆ. ದಕ್ಷಿಣ ಮುಂಬೈಯಲ್ಲಿ ಮನೆಮನೆಗೆ ಕರೆಂಟು ಕೊಡುವುದೂ ಇದೇ, ಬಸ್ಸು ಓಡಿಸುವುದೂ ಇದೇ. 1874ರಲ್ಲಿ ಕುದುರೆ ಎಳೆಯುವ ಟ್ರಾಮಿನಿಂದ ಮೊದಲಾಗಿ, 1907ರಲ್ಲಿ ವಿದ್ಯುತ್ ಟ್ರಾಮ್ ಬಂದು, 1926ರ ಜುಲೈ 15ರಂದು ಅಫ್ಘಾನ್ ಚರ್ಚ್‌ನಿಂದ ಕ್ರಾಫರ್ಡ್ ಮಾರುಕಟ್ಟೆಯವರೆಗೆ ಮೊದಲ ಬಸ್ಸು ಓಡಿತು. 1937ರಿಂದ ಓಡಾಡಿದ ಎರಡಂತಸ್ತಿನ ಡೀಸೆಲ್ ಬಸ್ಸುಗಳು 2023ರ ಸೆಪ್ಟೆಂಬರ್‌ನಲ್ಲಿ ನಿಂತುಹೋದವು. ಈಗ ಕಾಣಿಸುವ ಎರಡಂತಸ್ತಿನವು ಬ್ಯಾಟರಿಯಿಂದ ಓಡುವ ಎಸಿ ಬಸ್ಸುಗಳು. ಮಕ್ಕಳನ್ನು ಕರೆದುಕೊಂಡು ಹೋದವರು ಸಿಎಸ್‌ಎಂಟಿಯಿಂದ ನರಿಮನ್ ಪಾಯಿಂಟ್ ತುದಿಯ ಎನ್‌ಸಿಪಿಎ ರಂಗಮಂದಿರದವರೆಗೆ ಹೋಗುವ 115ನ್ನು ಹತ್ತಿ ಮೇಲಂತಸ್ತಿನ ಮುಂದಿನ ಸೀಟು ಹಿಡಿದರೆ, ಬೇರೆ ಖರ್ಚಿಲ್ಲದೆ ‘ಫೋರ್ಟ್’ ಎಂದು ಕರೆಯುವ ಹಳೆಯ ನಗರಭಾಗವನ್ನು ನೋಡಿದಂತಾಗುತ್ತದೆ.

ಬೆಸ್ಟ್‌ನ ಇಂದಿನ ವ್ಯವಸ್ಥೆಯ ಒಂದು ಗುಟ್ಟನ್ನು ಪ್ರಯಾಣಿಕರೂ ತಿಳಿದಿರುವುದು ಒಳ್ಳೆಯದು. ರಸ್ತೆಯಲ್ಲಿ ಕಾಣುವ ಬಸ್ಸುಗಳಲ್ಲಿ ಸಂಸ್ಥೆಯ ಸ್ವಂತದವು ಈಗ ಕಡಿಮೆ. ಹೆಚ್ಚಿನವನ್ನು ಖಾಸಗಿ ಕಂಪನಿಗಳಿಂದ ಚಾಲಕರ ಸಮೇತ ಬಾಡಿಗೆಗೆ ಪಡೆಯಲಾಗಿದೆ. ಬಸ್ಸು ಮತ್ತು ಚಾಲಕರು ಕಂಪನಿಯವರು, ಮಾರ್ಗ ಮತ್ತು ಟಿಕೆಟ್ ದರ ಬೆಸ್ಟ್‌ನವು. ಹತ್ತುವವರಿಗೆ ಇದರಿಂದ ವ್ಯತ್ಯಾಸವೇನೂ ಇಲ್ಲ, ದರ ಒಂದೇ. ಆದರೆ ಗುತ್ತಿಗೆ ಚಾಲಕರು ಮುಷ್ಕರ ಹೂಡಿದ ದಿನ ಇಡೀ ಡಿಪೊಗಳ ಬಸ್ಸುಗಳೇ ರಸ್ತೆಗೆ ಇಳಿಯುವುದಿಲ್ಲ, 2023ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಆಸ್ಪತ್ರೆಯ ದಿನಾಂಕ ಅಥವಾ ಪರೀಕ್ಷೆ ಇರುವವರು ಹಿಂದಿನ ರಾತ್ರಿ ಸುದ್ದಿಯತ್ತ ಒಮ್ಮೆ ಕಣ್ಣು ಹಾಯಿಸಿ ಮಲಗಬೇಕು.

ನವಿ ಮುಂಬೈಗೆ ಎನ್‌ಎಂಎಂಟಿ, ಠಾಣೆಗೆ ಟಿಎಂಟಿ, ಮೀರಾ-ಭಾಯಂದರ್‌ಗೆ ಎಂಬಿಎಂಟಿ, ಕಲ್ಯಾಣ-ಡೊಂಬಿವಲಿಗೆ ಕೆಡಿಎಂಟಿ, ವಸಾಯಿ-ವಿರಾರ್‌ಗೆ ವಿವಿಎಂಟಿ ಇವೆ. ಇವುಗಳಲ್ಲಿ ಕೆಲವು ಮುಂಬೈಯೊಳಕ್ಕೂ ಬರುತ್ತವೆ, ಬೆಸ್ಟ್ ಬಸ್ಸುಗಳೂ ಆ ನಗರಗಳಿಗೆ ಹೋಗುತ್ತವೆ. ಹೀಗಾಗಿ ಒಂದೇ ಸ್ಟಾಪಿಗೆ ಬೇರೆ ಬೇರೆ ಪಾಲಿಕೆಯ ಬಸ್ಸುಗಳು ಬರುವುದುಂಟು, ಒಂದರ ಪಾಸು ಇನ್ನೊಂದರಲ್ಲಿ ನಡೆಯುವುದಿಲ್ಲ. ಮಹಾರಾಷ್ಟ್ರ ರಾಜ್ಯದ ಬಸ್ಸನ್ನು ಅಲ್ಲಿನವರು ‘ಎಸ್‌ಟಿ’ ಎನ್ನುತ್ತಾರೆ. ಸೊಲ್ಲಾಪುರ, ಅಕ್ಕಲಕೋಟ ಕಂಡ ಆಳಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಬೈ ಸೆಂಟ್ರಲ್, ಪರೇಲ್, ಕುರ್ಲಾ ನೆಹರೂ ನಗರದಲ್ಲಿ ಅದರ ನಿಲ್ದಾಣಗಳಿವೆ. ಬೆಸ್ಟ್ ಬಸ್ಸೂ ಕೆಂಪು, ಎಸ್‌ಟಿಯ ಸಾಮಾನ್ಯ ಬಸ್ಸೂ ಕೆಂಪು. ಬಣ್ಣ ನಂಬಿ ಓಡಬೇಡಿ, ಪಕ್ಕದಲ್ಲಿ ಬರೆದ ಹೆಸರನ್ನು ಓದಿ.

ಸಂಖ್ಯೆ ಮತ್ತು ಸ್ಟಾಪಿನ ಹೆಸರು

ಬೆಸ್ಟ್ ಬಸ್ಸಿನ ಮುಂದಿನ ಫಲಕದಲ್ಲಿ ಸಂಖ್ಯೆಯೂ ಊರಿನ ಹೆಸರೂ ಹೆಚ್ಚಾಗಿ ದೇವನಾಗರಿಯಲ್ಲಿರುತ್ತವೆ, ಇಂಗ್ಲಿಷ್ ಬರಹ ಸಾಮಾನ್ಯವಾಗಿ ಪಕ್ಕದ ಫಲಕದಲ್ಲಿರುತ್ತದೆ. ಭಾಲ್ಕಿ, ಔರಾದ್, ಬಸವಕಲ್ಯಾಣದವರಿಗೆ ಮರಾಠಿ ಮನೆಯ ಭಾಷೆಯಷ್ಟೇ ಪರಿಚಿತವಾದ್ದರಿಂದ ತೊಂದರೆಯಿಲ್ಲ. ಸುರಪುರ, ಶಹಾಪುರದ ಕಡೆಯವರು ಮಾತ್ರ ಒಂದರಿಂದ ಒಂಬತ್ತರವರೆಗಿನ ದೇವನಾಗರಿ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ದೂರದಿಂದ ಬರುವ ಬಸ್ಸಿನ ಮುಂಭಾಗ ಮಾತ್ರ ಕಾಣುತ್ತದೆ. ಪಕ್ಕದ ಫಲಕವನ್ನು ಓದುವಷ್ಟರಲ್ಲಿ ಅದು ನಿಮ್ಮನ್ನು ದಾಟಿ ಮುಂದೆ ಹೋಗಿರುತ್ತದೆ.

ಸಂಖ್ಯೆಗಳಲ್ಲಿ ಒಂದು ಹಳೆಯ ಕ್ರಮವಿದೆ. ಸ್ಥೂಲವಾಗಿ ಹೇಳುವುದಾದರೆ 1ರಿಂದ 199ರವರೆಗಿನವು ಹಳೆಯ ದ್ವೀಪನಗರದ, ಅಂದರೆ ಮುಂಬೈಯ ದಕ್ಷಿಣ ಭಾಗದ ಮಾರ್ಗಗಳು, 200ರ ಸಾಲು ಪಶ್ಚಿಮ ಉಪನಗರದ್ದು, 300ರ ಸಾಲು ಪೂರ್ವ ಉಪನಗರದ್ದು, 400ರ ಸಾಲು ಪೂರ್ವ-ಪಶ್ಚಿಮಗಳನ್ನು ಜೋಡಿಸುವಂಥದ್ದು, 500ರ ಸಾಲು ನವಿ ಮುಂಬೈಗೆ, 700ರ ಸಾಲು ಮೀರಾ-ಭಾಯಂದರ್ ಕಡೆಗೆ. ಉದಾಹರಣೆಗೆ, ಸಿಎಸ್‌ಎಂಟಿಯಿಂದ ಕಫ್ ಪರೇಡ್ ಕಡೆಯ ಬ್ಯಾಕ್‌ಬೇ ಡಿಪೊಗೆ ಹೋಗುವುದು 138. ಕುರ್ಲಾ ಪಶ್ಚಿಮದಿಂದ ಬಾಂದ್ರಾ-ಕುರ್ಲಾ ಸಂಕೀರ್ಣದ ಮೇಲೆ ಬಾಂದ್ರಾ ಪೂರ್ವಕ್ಕೆ ಹೋಗುವುದು 310. ಕುರ್ಲಾದಿಂದ ಅಂಧೇರಿ ಪೂರ್ವಕ್ಕೆ ಹೋಗುವುದು 332. ಸಂಖ್ಯೆಗೆ ಮೊದಲು ‘ಎ’ ಇದ್ದರೆ ಎಸಿ ಬಸ್ಸು ಎಂದು ತಿಳಿಯಬೇಕು. ಮಾರ್ಗಗಳನ್ನು ಆಗಾಗ ಮೊಟಕು ಮಾಡುವುದು, ತಿರುಗಿಸುವುದು ನಡೆದೇ ಇರುವುದರಿಂದ ಹೊರಡುವ ದಿನ ಚಲೋ ಆ್ಯಪಿನಲ್ಲಿ ಒಮ್ಮೆ ನೋಡಿಕೊಳ್ಳಿ. ಬೆಸ್ಟ್ ಬಸ್ಸು ಎಲ್ಲಿ ಬರುತ್ತಿದೆ ಎಂಬುದನ್ನು ಆ ಆ್ಯಪ್ ನಕ್ಷೆಯ ಮೇಲೆ ತೋರಿಸುತ್ತದೆ, ಟಿಕೆಟ್ಟನ್ನೂ ಅದರಲ್ಲೇ ತೆಗೆಯಬಹುದು.

ಹೊಸಬರು ಎಡವುವುದು ಹೆಚ್ಚಾಗಿ ಸಂಖ್ಯೆಯಲ್ಲಲ್ಲ, ಹೆಸರಿನಲ್ಲಿ. ಜನ ಹೇಳುವ ಹೆಸರೊಂದು, ಬಸ್ಸಿನ ಮೇಲೆ ಬರೆದಿರುವ ಹೆಸರು ಇನ್ನೊಂದು. ಜನ ಅಂಧೇರಿ ಸ್ಟೇಷನ್ ಈಸ್ಟ್ ಎಂದರೆ ಫಲಕದಲ್ಲಿ ಆಗರ್ಕರ್ ಚೌಕ್ ಎಂದಿರುತ್ತದೆ. ಸಾಯನ್ ಎಂದರೆ ರಾಣಿ ಲಕ್ಷ್ಮೀಬಾಯಿ ಚೌಕ್, ಚರ್ಚ್‌ಗೇಟ್ ಎಂದರೆ ಅಹಿಲ್ಯಾಬಾಯಿ ಹೋಳ್ಕರ್ ಚೌಕ್, ಫೌಂಟನ್ ಎಂದರೆ ಹುತಾತ್ಮಾ ಚೌಕ್, ಕ್ರಾಫರ್ಡ್ ಮಾರುಕಟ್ಟೆ ಎಂದರೆ ಮಹಾತ್ಮಾ ಫುಲೆ ಮಂಡಈ. ಸಿಎಸ್‌ಎಂಟಿ ಎದುರಿನ ಬಸ್ ನಿಲ್ದಾಣಕ್ಕೆ ಭಾಟಿಯಾ ಬಾಗ್ ಎಂದೂ, ದಾದರ್ ಪಶ್ಚಿಮದ ನಿಲ್ದಾಣಕ್ಕೆ ವೀರ ಕೋತ್ವಾಲ್ ಉದ್ಯಾನ ಎಂದೂ ಹೆಸರು. ದಾದರ್ ಪೂರ್ವದ ವೃತ್ತ ಕಾಗದದಲ್ಲಿ ಖೋದಾದಾದ್ ಸರ್ಕಲ್; ಆದರೆ 1964ರ ಮಾರ್ಚ್ 31ರಂದು ಕೊನೆಯ ಟ್ರಾಮ್ ಓಡಿ ದಶಕಗಳೇ ಕಳೆದರೂ ಕಂಡಕ್ಟರರ ಬಾಯಲ್ಲಿ ಅದು ಇಂದಿಗೂ ‘ದಾದರ್ ಟಿಟಿ’, ಅಂದರೆ ಟ್ರಾಮ್ ಟರ್ಮಿನಸ್. ವಿಳಾಸ ಕೊಟ್ಟವರಿಂದ ಎರಡೂ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಇದೊಂದು ಕೆಲಸ ಮಾಡಿಕೊಂಡರೆ ಅರ್ಧ ಪ್ರಯಾಸ ತಪ್ಪುತ್ತದೆ.

ಸ್ಟಾಪಿನಲ್ಲಿ ಮತ್ತು ಬಸ್ಸಿನೊಳಗೆ

ನಮ್ಮ ನಿಲ್ದಾಣಗಳಲ್ಲಿ ಬಸ್ಸು ತಿರುಗುವ ಮೊದಲೇ ಕಿಟಕಿಯಿಂದ ಟವೆಲ್ಲೋ ಕೈಚೀಲವೋ ಒಳಗೆ ಬಿದ್ದು ಸೀಟು ಗೊತ್ತಾಗಿಬಿಡುತ್ತದೆ. ಈ ಕಲೆ ಮುಂಬೈಯಲ್ಲಿ ನಡೆಯುವುದಿಲ್ಲ. ಅಲ್ಲಿ ಸ್ಟಾಪಿನ ಕಂಬದ ಹಿಂದೆ ಸಾಲು ನಿಲ್ಲುವ ರೂಢಿ ಇದೆ. ಇಬ್ಬರೇ ಇದ್ದರೂ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ, ಸಾಲು ಮುರಿದು ಮುಂದೆ ನುಗ್ಗಿದವರಿಗೆ ಸಾಲಿನವರೇ ಬುದ್ಧಿ ಹೇಳುತ್ತಾರೆ. ನಿಮ್ಮ ಬಸ್ಸು ಕಂಡಾಗ ಕೈ ಅಡ್ಡ ಹಿಡಿಯಿರಿ, ಹತ್ತುವವರಿಲ್ಲದಂತೆ ತೋರಿದರೆ ಚಾಲಕ ನಿಲ್ಲಿಸದೆ ಹೋಗಬಹುದು.

ಹಳೆಯ ದೊಡ್ಡ ಬಸ್ಸುಗಳಲ್ಲಿ ಹಿಂದಿನ ಬಾಗಿಲಿನಿಂದ ಹತ್ತಿ ಮುಂದಿನ ಬಾಗಿಲಿನಿಂದ ಇಳಿಯುವುದು ಪದ್ಧತಿ. ಹೊಸ ಚಿಕ್ಕ ಎಸಿ ಬಸ್ಸುಗಳಲ್ಲಿ ಬಾಗಿಲಿನ ಜಾಗ ಬೇರೆಯಾಗಿರುವುದರಿಂದ ಮುಂದಿನವರು ಹತ್ತಿದ ಕಡೆಯಿಂದಲೇ ಹತ್ತಿ. ಒಳಗೆ ಹೋದ ಮೇಲೆ ಬಾಗಿಲಲ್ಲೇ ನಿಂತರೆ ಕಂಡಕ್ಟರ್ ‘ಪುಢೇ ಚಲಾ’ ಎಂದು ಕೂಗುತ್ತಾರೆ, ಮುಂದೆ ಸರಿಯಿರಿ ಎಂದರ್ಥ; ಅದು ಬೈಗುಳವಲ್ಲ. ಎಡಬದಿಯ ಕೆಲವು ಸೀಟುಗಳ ಮೇಲೆ ಮಹಿಳೆಯರಿಗೆ, ಮುಂದಿನ ಕೆಲವುಗಳ ಮೇಲೆ ಹಿರಿಯರಿಗೆ ಮತ್ತು ಅಂಗವಿಕಲರಿಗೆ ಎಂದು ಬರೆದಿರುತ್ತದೆ. ನಮ್ಮ ಕಡೆ ಕಂಡಕ್ಟರ್ ಸೀಟಿ ಊದಿ ‘ರೈಟ್’ ಎನ್ನುವ ಜಾಗದಲ್ಲಿ ಅಲ್ಲಿ ಗಂಟೆ ಬಾರಿಸುತ್ತಾರೆ, ಒಂದು ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು. ನಿಮ್ಮ ಸ್ಟಾಪಿಗಿಂತ ಒಂದು ಸ್ಟಾಪು ಮುಂಚೆಯೇ ಎದ್ದು ಇಳಿಯುವ ಬಾಗಿಲಿನ ಹತ್ತಿರ ಹೋಗಿ ನಿಲ್ಲುವುದು ಅಗತ್ಯ. ತುಂಬಿದ ಬಸ್ಸಿನಲ್ಲಿ ಬಸ್ಸು ನಿಂತ ಮೇಲೆ ಏಳುತ್ತೇನೆಂದರೆ ಮುಂದಿನ ಸ್ಟಾಪೇ ಗತಿ.

ಕಂಡಕ್ಟರರೇ ಇಲ್ಲದ ಬಸ್ಸುಗಳೂ ಇವೆ. ಅಂಥ ಮಾರ್ಗಗಳಲ್ಲಿ ಸ್ಟಾಪಿನಲ್ಲೇ ನಿಂತ ಕಂಡಕ್ಟರ್ ಹತ್ತುವ ಮೊದಲು ಟಿಕೆಟ್ ಕೊಡುತ್ತಾರೆ, ಅಥವಾ ಕಾರ್ಡನ್ನೋ ಮೊಬೈಲನ್ನೋ ಬಾಗಿಲ ಬಳಿಯ ಯಂತ್ರಕ್ಕೆ ತೋರಿಸಿ ಹತ್ತಿ, ಇಳಿಯುವಾಗ ಮತ್ತೊಮ್ಮೆ ತೋರಿಸಬೇಕಾಗುತ್ತದೆ. ‘ಒಳಗೆ ಬಂದು ಕೊಡುತ್ತಾರೆ’ ಎಂದು ಕೂತು ತಪಾಸಣೆಯವರ ಕೈಗೆ ಸಿಕ್ಕರೆ ದಂಡ ಕಟ್ಟಬೇಕಾಗುತ್ತದೆ. ಹತ್ತುವಾಗಲೇ ‘ಟಿಕೆಟ್ ಎಲ್ಲಿ’ ಎಂದು ಕೇಳಿಬಿಡಿ. ಕಲಬುರಗಿಯ ದಖನಿ ಹಿಂದಿ ಅಲ್ಲಿ ಎಲ್ಲರಿಗೂ ತಿಳಿಯುತ್ತದೆ, ಸಂಕೋಚಪಡುವ ಅಗತ್ಯವಿಲ್ಲ.

ದುಡ್ಡಿನ ಲೆಕ್ಕ

2025ರ ಮೇ 9ರಂದು ಬೆಸ್ಟ್ ದರ ಏರಿತು. ಮೊದಲ ಐದು ಕಿಲೋಮೀಟರಿಗೆ ಸಾಮಾನ್ಯ ಬಸ್ಸಿನಲ್ಲಿ 5 ರೂಪಾಯಿ ಇದ್ದದ್ದು 10 ಆಯಿತು, ಎಸಿಯಲ್ಲಿ 6 ಇದ್ದದ್ದು 12 ಆಯಿತು. ಹತ್ತು ಕಿಲೋಮೀಟರಿನವರೆಗೆ 15 ಮತ್ತು 20 ರೂಪಾಯಿ. ದುಪ್ಪಟ್ಟಾಯಿತೆಂದು ಅಲ್ಲಿನವರು ಗೊಣಗುವುದು ಸಹಜ. ಆದರೆ ಎರಡು ರೂಪಾಯಿ ಹೆಚ್ಚಿಗೆ ಕೊಟ್ಟರೆ ಎಸಿ ಬಸ್ಸಿನಲ್ಲಿ ಕೂರಬಹುದು ಎಂಬುದು ನಮ್ಮ ಬಿಸಿಲಿನಿಂದ ಹೋದವರಿಗೆ ದೊಡ್ಡ ಸವಲತ್ತಾಗಿಯೇ ಕಾಣುತ್ತದೆ. ಒಂದೇ ದಿನ ನಾಲ್ಕಾರು ಕಡೆ ಸುತ್ತುವವರು ದಿನದ ಪಾಸು ಕೇಳಿ ಪಡೆಯಬಹುದು. ಚಿಲ್ಲರೆ ಜೇಬಿನಲ್ಲಿರಲಿ, ಐನೂರರ ನೋಟು ಚಾಚಿದರೆ ಕಂಡಕ್ಟರ್ ಮುಖ ಎಲ್ಲೂ ಒಂದೇ ರೀತಿ ಇರುತ್ತದೆ.

ಮಹಿಳೆಯರಿಗೆ ಒಂದು ಮಾತು. ನಮ್ಮ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕಕ್ಕೆ ಸೀಮಿತವಾದದ್ದು. ಆಧಾರ್ ತೋರಿಸಿದರೂ ಬೆಸ್ಟ್ ಬಸ್ಸಿನಲ್ಲಿ ಪೂರ್ತಿ ಟಿಕೆಟ್ ತೆಗೆಯಬೇಕು. ಎಸ್‌ಟಿ ಬಸ್ಸುಗಳಲ್ಲಿ ಮಹಾರಾಷ್ಟ್ರದ ಗಡಿಯೊಳಗೆ ಮಹಿಳೆಯರಿಗೆ ಅರ್ಧ ದರದ ಯೋಜನೆ 2023ರ ಮಾರ್ಚ್‌ನಿಂದ ಇದೆ. ಆ ರಿಯಾಯಿತಿಯೂ ಎಸ್‌ಟಿಯದ್ದೇ ಹೊರತು ಬೆಸ್ಟ್‌ನದ್ದಲ್ಲ. ಬಸ್ಸು ಯಾರದ್ದೆಂದು ಮೊದಲೇ ತಿಳಿದಿರಬೇಕೆಂದು ಮೇಲೆ ಹೇಳಿದ್ದು ಇಂಥ ಕಾರಣಕ್ಕೇ.

ಆಸ್ಪತ್ರೆಗೆ ಹೋಗುವವರು

ದ್ವೀಪನಗರದೊಳಗೆ ಆಟೊಗಳಿಗೆ ಪ್ರವೇಶವಿಲ್ಲ. ಸಾಯನ್, ಬಾಂದ್ರಾಗಳ ಉತ್ತರಕ್ಕೆ ಮಾತ್ರ ಆಟೊ ಸಿಗುತ್ತದೆ. ದಾದರ್‌ನಲ್ಲಿ ಇಳಿದು ಆಟೊ ಹುಡುಕುತ್ತಾ ಅಲೆಯುವುದು ವ್ಯರ್ಥ, ಅಲ್ಲಿರುವುದು ಬಸ್ಸು ಮತ್ತು ಟ್ಯಾಕ್ಸಿ ಎರಡೇ. ಟಾಟಾ ಆಸ್ಪತ್ರೆ ಮತ್ತು ಕೆಇಎಂ ಆಸ್ಪತ್ರೆ ಎರಡೂ ಪರೇಲಿನಲ್ಲಿ ಹತ್ತಿರ ಹತ್ತಿರ ಇವೆ. ದಾದರ್ ಪೂರ್ವಕ್ಕೆ ಇಳಿದು ದಾದರ್ ಟಿಟಿಗೆ ನಡೆದು, ಡಾ. ಅಂಬೇಡ್ಕರ್ ರಸ್ತೆಯಲ್ಲಿ ಪರೇಲ್ ಕಡೆಗೆ ಹೋಗುವ ಬಸ್ಸನ್ನು ‘ಟಾಟಾ ಹಾಸ್ಪಿಟಲ್ ಹತ್ತಿರ ನಿಲ್ಲುತ್ತದೆಯೇ’ ಎಂದು ಕೇಳಿ ಹತ್ತಿದರೆ ದೂರ ಎರಡು ಕಿಲೋಮೀಟರಿನಷ್ಟು. ರೋಗಿ ನಡೆಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಅಥವಾ ಬೆಳಗಿನ ಕಚೇರಿ ವೇಳೆಯಲ್ಲಿ ಎರಡು ಗಂಟು ಮೂಟೆಗಳೊಂದಿಗೆ ಇಳಿದಿದ್ದರೆ, ಬಸ್ಸಿನ ಉಳಿತಾಯ ಬೇಡ. ಇಷ್ಟು ದೂರಕ್ಕೆ ಮೀಟರ್ ಹಾಕಿದ ಟ್ಯಾಕ್ಸಿಯೇ ಸರಿ. ಮೀಟರ್ ಹಾಕಿದ್ದನ್ನು ಕಣ್ಣಾರೆ ಕಂಡು ಬಾಗಿಲು ಹಾಕಿಕೊಳ್ಳಿ. ಮರುದಿನದಿಂದ, ಧರ್ಮಶಾಲೆಯಿಂದ ಆಸ್ಪತ್ರೆಗೆ ಓಡಾಡುವಾಗ ಬಸ್ಸು ಅನುಕೂಲ.

ಟಾಟಾದವರು ಖಾರ್ಘರ್‌ನಲ್ಲಿರುವ ತಮ್ಮ ಇನ್ನೊಂದು ಕೇಂದ್ರ ಆ್ಯಕ್ಟ್ರೆಕ್‌ಗೆ ಕೆಲವರನ್ನು ಕಳುಹಿಸುತ್ತಾರೆ. ಅದು ನವಿ ಮುಂಬೈಯಲ್ಲಿದೆ, ಪರೇಲಿನಿಂದ ಬಹಳ ದೂರ. ಎರಡು ಕೇಂದ್ರಗಳ ನಡುವೆ ಆಸ್ಪತ್ರೆಯದೇ ಬಸ್ಸು ಓಡಾಡುತ್ತದೆ, ಅದರ ಸಮಯವನ್ನು ಆಸ್ಪತ್ರೆಯ ವಿಚಾರಣಾ ಕೌಂಟರಿನಲ್ಲಿ ಕೇಳಿ. ಊರಿನಿಂದ ನೇರವಾಗಿ ಖಾರ್ಘರ್‌ಗೇ ಹೋಗಬೇಕಾದವರು ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುವ ರೈಲು ಹಿಡಿದು, ಪಕ್ಕದ ತಿಲಕ್ ನಗರ ಸ್ಟೇಷನ್ನಿನಿಂದ ಹಾರ್ಬರ್ ಮಾರ್ಗದ ಪನವೇಲ್ ಲೋಕಲ್‌ನಲ್ಲಿ ಖಾರ್ಘರ್‌ಗೆ ಇಳಿದರೆ ದಾದರ್‌ನ ಜಂಗುಳಿ ತಪ್ಪುತ್ತದೆ. ಅಲ್ಲಿಂದ ಎನ್‌ಎಂಎಂಟಿ ಬಸ್ಸು ಅಥವಾ ಆಟೊ.

ಬಸ್ಸೋ, ಲೋಕಲ್ಲೋ?

ದೂರಕ್ಕೆ ಲೋಕಲ್, ಹತ್ತಿರಕ್ಕೆ ಬಸ್ಸು. ಸಿಎಸ್‌ಎಂಟಿಯಿಂದ ಠಾಣೆಗೆ ಬಸ್ಸಿನಲ್ಲಿ ಹೋಗುವುದು ಅರ್ಧ ದಿನ ಕಳೆದಂತೆ. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತರವರೆಗೆ ಮುಂಬೈ ರಸ್ತೆಯಲ್ಲಿ ಬಸ್ಸು ಓಡುವುದಿಲ್ಲ, ತೆವಳುತ್ತದೆ. ಅದೇ ವೇಳೆಯಲ್ಲಿ ಲೋಕಲ್ ರೈಲಿನ ನೂಕಾಟ ವೃದ್ಧರಿಗೂ ಮಕ್ಕಳಿಗೂ ಅಪಾಯಕಾರಿ ಎಂಬುದೂ ನಿಜ. ಅಂಥವರ ಜೊತೆ ಇರುವವರು ಸಮಯ ಹೆಚ್ಚಾದರೂ ಬಸ್ಸನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕ ಬೇರೆ. ಜೋರು ಮಳೆಗೆ ದಾದರ್-ಪರೇಲ್ ನಡುವಿನ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಾಯನ್, ಅಂಧೇರಿ ಸಬ್‌ವೇಗಳಲ್ಲಿ ನೀರು ನಿಲ್ಲುತ್ತದೆ. ಸಮುದ್ರದ ಭರತದ ಹೊತ್ತಿಗೇ ಮಳೆ ಸುರಿದರೆ ನೀರು ಹರಿದುಹೋಗಲು ದಾರಿಯಿಲ್ಲದೆ ಗಂಟೆಗಟ್ಟಲೆ ಹಾಗೇ ಇರುತ್ತದೆ. ಆಗ ಬಸ್ಸುಗಳನ್ನು ಬೇರೆ ರಸ್ತೆಗೆ ತಿರುಗಿಸುತ್ತಾರೆ, ನಿಮ್ಮ ಸ್ಟಾಪು ಆ ದಾರಿಯಲ್ಲಿ ಇಲ್ಲದಿರಬಹುದು. ಹತ್ತುವಾಗ ಕಂಡಕ್ಟರರನ್ನು ಕೇಳಿದರೆ ಎಲ್ಲಿ ಇಳಿದರೆ ಹತ್ತಿರವೆಂದು ಹೇಳುತ್ತಾರೆ. ಬಸ್ಸಿನಲ್ಲಿ ಚೀಲ ಮರೆತರೆ ಟಿಕೆಟ್ಟನ್ನು ಬಿಸಾಡದೆ ಇಟ್ಟುಕೊಂಡಿರಬೇಕು. ಅದರ ಮೇಲಿನ ವಿವರ ನೋಡಿ ಯಾವ ಡಿಪೊದಲ್ಲಿ ವಿಚಾರಿಸಬೇಕೆಂಬುದನ್ನು ಬಸ್ ನಿಲ್ದಾಣದ ಚೌಕಿಯವರು ತಿಳಿಸಬಲ್ಲರು.

ಮರಳುವ ದಿನ

ಮರಳುವಾಗ ಬಸ್ಸಿನಲ್ಲಿ ಸ್ಟೇಷನ್ ತಲುಪಲು, ಆ್ಯಪ್ ತೋರಿಸುವ ಸಮಯಕ್ಕೆ ಕನಿಷ್ಠ ಒಂದು ಗಂಟೆ ಸೇರಿಸಿ ಹೊರಡಿ. ಕುರ್ಲಾ ಸ್ಟೇಷನ್ ಬೇರೆ, ಕುರ್ಲಾ ಟರ್ಮಿನಲ್ ಎಂದು ನಾವು ಕರೆಯುವ ಲೋಕಮಾನ್ಯ ತಿಲಕ್ ಟರ್ಮಿನಸ್ ಬೇರೆ; ‘ಕುರ್ಲಾ’ ಎಂದು ಬರೆದ ಬಸ್ಸು ಹತ್ತಿ ಕುರ್ಲಾ ಪಶ್ಚಿಮದಲ್ಲಿ ಇಳಿದರೆ, ಟರ್ಮಿನಸ್ ಇನ್ನೂ ಹಳಿಯ ಆಚೆ ಬದಿಗೆ ಉಳಿದಿರುತ್ತದೆ, ಸಾಮಾನು ಹೊತ್ತು ಸೇತುವೆ ಹತ್ತಿ ಇಳಿದು ಮತ್ತೆ ಆಟೊ ಹಿಡಿಯಬೇಕಾಗುತ್ತದೆ. ಕಂಡಕ್ಟರರಿಗೆ ‘ಎಲ್‌ಟಿಟಿ’ ಎಂದೇ ಹೇಳಿ, ಬಸ್ಸು ಅಲ್ಲಿಗೆ ಹೋಗುವುದಿಲ್ಲವೆಂದಾದರೆ ಹತ್ತಬೇಡಿ. ದಾದರ್‌ನಿಂದ ರೈಲು ಹತ್ತುವವರು ಪೂರ್ವದ ಬದಿಗೆ ಬರುವ ಬಸ್ಸನ್ನೇ ಆರಿಸಿಕೊಳ್ಳಬೇಕು. ದಾದರ್‌ನಲ್ಲಿ ದೂರದ ರೈಲು ನಿಲ್ಲುವುದು ಕೆಲವೇ ನಿಮಿಷ, ಪಶ್ಚಿಮದಲ್ಲಿ ಇಳಿದು ಸೇತುವೆಯ ಜನಸಂದಣಿಯಲ್ಲಿ ಸಿಕ್ಕಿಕೊಂಡರೆ ಕಣ್ಣೆದುರಿಗೇ ರೈಲು ಹೊರಟುಹೋಗಬಹುದು. ರಾತ್ರಿ ತಡವಾಗಿ ಹೊರಡುವ ರೈಲಾದರೆ ಕೊನೆಯ ಬಸ್ಸಿಗಾಗಿ ಕಾಯುತ್ತ ಕೂರದೆ, ಸಂಜೆಯ ದಟ್ಟಣೆ ಇಳಿದ ಕೂಡಲೇ ಸ್ಟೇಷನ್ ಸೇರಿ ಅಲ್ಲಿನ ನಿರೀಕ್ಷಣಾ ಕೊಠಡಿಯಲ್ಲಿ ಕಾಯುವುದು ಉತ್ತಮ.